ರುಚಿಯ ಕಾಲಂ

ಶನಿವಾರ ನಮ್ಮ ಮನೆಯಲ್ಲಿ ಅಡುಗೆಮನೆಯ ಹಲಗೆ ಒರೆಸುವ ದಿನ. ನಿವೃತ್ತನಾದ ಮೇಲೆ ಆ ಕೆಲಸ ನನ್ನದು. ಮೇಲಿನ ಹಲಗೆಯಿಂದ ಶುರುಮಾಡಿ ಕೆಳಗಿನದಕ್ಕೆ ಬರುತ್ತೇನೆ. ಡಬ್ಬಿಗಳನ್ನು ತೆಗೆದ ಕ್ರಮದಲ್ಲೇ ತಿರುಗಿ ಇಡುತ್ತೇನೆ. ಕಳೆದ ವಾರ ಕಲ್ಲುಪ್ಪಿನ ಭರಣಿ ಎತ್ತಿದಾಗ ಅದರ ಅಡಿಯಲ್ಲಿ, ಮರದ ಮೇಲೆ, ಒಂದು ಬಿಳಿ ಉಂಗುರ ಕಾಣಿಸಿತು. ಭರಣಿಯ ಬುಡದಲ್ಲಿ ಕೂದಲೆಳೆಯಷ್ಟು ಸೀಳು. ತೇವ ಹೀರಿದ ಉಪ್ಪು ನೀರಾಗಿ, ಆ ಸೀಳಿನಿಂದ ಯಾರಿಗೂ ತಿಳಿಯದ ಹಾಗೆ ಇಳಿದು, ಒಲೆಯ ಕಾವಿಗೆ ಒಣಗಿ ಅಲ್ಲೇ ಹೆಪ್ಪುಗಟ್ಟಿತ್ತು. ಉಗುರಿನಿಂದ ಕೆರೆದೆ. ಪುಡಿ ಬಂತು.

ಎಷ್ಟು ಹೊತ್ತು ನಿಂತಿದ್ದೆನೋ... ಹಿಂದಿನಿಂದ ಹೆಂಡತಿ ಕೇಳಿದಳು, "ಎಂತ, ಹಲಗೆ ಮೇಲೆ ಹಾವು ಉಂಟಾ?"

ಇಲ್ಲ, ಭರಣಿ ಸೀಳಿದೆ ಎಂದೆ. ಅವಳು ಬೇರೆ ಭರಣಿ ತಂದುಕೊಟ್ಟಳು. ಆದರೆ ಉಳಿದ ಎರಡು ಹಲಗೆಗಳನ್ನು ಆ ದಿನ ನಾನು ಒರೆಸಲಿಲ್ಲ. ಹಿಡಿದ ಕೆಲಸವನ್ನು ಅರ್ಧಕ್ಕೆ ಬಿಡುವುದು ನನ್ನ ಅಭ್ಯಾಸವಲ್ಲ. ಅದನ್ನು ನೋಡಿಯೇ ಅವಳಿಗೆ ಗಾಬರಿಯಾಯಿತು.

ಅಂಥ ಬಿಳಿ ಗುರುತನ್ನು ನಾನು ಹಿಂದೆ ಒಮ್ಮೆ ನೋಡಿದ್ದೆ. ಆಗ ನೋಡುವಷ್ಟರಲ್ಲಿ ತಡವಾಗಿತ್ತು. ಅದರ ವಿಷಯವನ್ನು ಯಾರಿಗೂ ಹೇಳಿಲ್ಲ, ಹೆಂಡತಿಗೂ ಹೇಳಿಲ್ಲ. ಈಗ ಬರೆಯುತ್ತಿದ್ದೇನೆ.

ನಾನು ಕೊಪ್ಪ ಪೇಟೆಯಿಂದ ಸ್ವಲ್ಪ ಆಚೆಗಿನ ಒಂದು ಕಾಲೇಜಿನಲ್ಲಿ ಲ್ಯಾಬ್ ಅಟೆಂಡರ್ ಆಗಿದ್ದೆ. ಕಾಲೇಜಿನ ಹೆಸರು ಬೇಡ. ಪ್ರಾಣಿಶಾಸ್ತ್ರದ ಲ್ಯಾಬು. ಶೃಂಗೇರಿಯಿಂದ ದಿನಾ ಏಳೂವರೆಯ ಬಸ್ಸು, ಎಂಟೂವರೆಗೆ ಲ್ಯಾಬಿನ ಬೀಗ, ಒಂಬತ್ತಕ್ಕೆ ಮೈಕ್ರೋಸ್ಕೋಪುಗಳ ಧೂಳು, ಐದಕ್ಕೆ ಮತ್ತೆ ಬೀಗ. ನನ್ನನ್ನು ಬೆಳೆಸಿದ್ದು ಅಜ್ಜ. ಅವರ ಮನೆಯಲ್ಲಿ ಎದ್ದು ತುಂಗೆಯಲ್ಲಿ ಮುಳುಗುವುದರಿಂದ ಹಿಡಿದು ದೀಪ ಆರಿಸುವ ತನಕ ಪ್ರತಿಯೊಂದಕ್ಕೂ ಹೊತ್ತು ಗೊತ್ತುಮಾಡಿತ್ತು. ಆ ಕ್ರಮ ನನಗೆ ಭಾರವೆನಿಸಿದ್ದೇ ಇಲ್ಲ. ಲ್ಯಾಬಿನಲ್ಲಿ ಕಪ್ಪೆ, ಜಿರಲೆ, ಫಾರ್ಮಲಿನ್ ಜಾಡಿಯೊಳಗಿನ ಹಾವು ಎಲ್ಲವನ್ನೂ ಕೈಯಿಂದ ಮುಟ್ಟುತ್ತಿದ್ದೆ. ಮನೆಗೆ ಬಂದು ಹಿತ್ತಿಲಲ್ಲೇ ಬಟ್ಟೆ ಬಿಚ್ಚಿ ಸ್ನಾನ ಮಾಡಿ ಒಳಗೆ ಹೋಗುತ್ತಿದ್ದೆ. ಕೈಗೆ ಒಂದು ನಿಯಮ, ಬಾಯಿಗೆ ಒಂದು ನಿಯಮ. ಎರಡರ ನಡುವಿನ ಗೆರೆಯನ್ನು ಮೂವತ್ತು ವರ್ಷ ದಾಟಿರಲಿಲ್ಲ.

ನನ್ನ ಕೊನೆಯ ವರ್ಷದಲ್ಲಿ ಅವರು ಬಂದರು. ಅತಿಥಿ ಉಪನ್ಯಾಸಕಿ. ಎಲ್ಲ ವಿಭಾಗದ ಮಕ್ಕಳೂ ಇಷ್ಟವಿದ್ದರೆ ಆರಿಸಿಕೊಳ್ಳಬಹುದಾದ ಹೊಸ ಪೇಪರೊಂದು ಆ ವರ್ಷ ಶುರುವಾಗಿತ್ತು: ಸಮುದ್ರ ಜೀವಶಾಸ್ತ್ರದ ಪರಿಚಯ. ಅದನ್ನು ಕಲಿಸಲು ಬಂದವರು. ನಾವೆಲ್ಲ ಅವರನ್ನು ಸಮುದ್ರದ ಮೇಡಂ ಎಂದೆವು. ಮೊದಮೊದಲು ನಗುವುದಕ್ಕೆ ಇಟ್ಟ ಹೆಸರು, ಆಮೇಲೆ ಅದೇ ನಿಂತಿತು.

ಸಮುದ್ರಕ್ಕೂ ಅವರಿಗೂ ಎಲ್ಲಿಯ ಸಂಬಂಧ ಎಂದು ನಾನೇ ಒಮ್ಮೆ ಕೇಳಿದ್ದೆ. ಅವರು ಕರಾವಳಿಯವರಲ್ಲ. ನರಸಿಂಹರಾಜಪುರದ ಸೀತೂರು ಕಡೆಯವರು. ತಾಯಿ ತೋಟದ ಕೂಲಿ, ತಂದೆ ಇಲ್ಲ. "ಹತ್ತೊಂಬತ್ತು ವರ್ಷದ ತನಕ ನಾನು ನೋಡಿದ ದೊಡ್ಡ ನೀರು ಅಂದ್ರೆ ಭದ್ರಾ ಹಿನ್ನೀರು, ಭಟ್ರೇ," ಎಂದಿದ್ದರು. ಕಾಲೇಜಿನ ಪ್ರವಾಸದಲ್ಲಿ ಬಂಡೆಯ ಹೊಂಡವೊಂದರಲ್ಲಿ ಶಂಖ ಹೊತ್ತು ನಡೆಯುವ ಏಡಿ ನೋಡಿ, ಉಳಿದವರು ಫೋಟೋ ತೆಗೆಸಿಕೊಂಡು ಬಸ್ ಹತ್ತಿದರೂ ಇವರು ಅಲ್ಲೇ ಕೂತಿದ್ದರಂತೆ. ಆಮೇಲೆ ಅದನ್ನೇ ಓದಿದರು. ಓದಿದ್ದಕ್ಕೆ ತಕ್ಕ ಕೆಲಸ ಘಟ್ಟದ ಮೇಲೆ ಎಲ್ಲೂ ಇರಲಿಲ್ಲ. ಈ ಪೇಪರು ಬಂದಾಗ ಬೇರೆ ಎರಡು ಕಡೆಯ ಪಾಠ ಬಿಟ್ಟು ಓಡಿಬಂದರು. ಬಾಳಗಡಿಯಲ್ಲಿ ಅಂಗಡಿಯ ಮೇಲಿನ ಒಂದು ಕೋಣೆ ಹಿಡಿದರು. ಇನ್ನು ತೋಟದ ಕೆಲಸ ಸಾಕು, ಈ ಮಳೆಗಾಲ ಜೋರಾಗುವ ಮೊದಲು ನಿಲ್ಲಿಸು ಎಂದು ತಾಯಿಗೆ ಹೇಳಿದರು.

ಮೊದಲ ಪಾಠಕ್ಕೆ ನಾನೂ ಬಾಗಿಲ ಹತ್ತಿರ ನಿಂತಿದ್ದೆ. ಪುಸ್ತಕ ತೆರೆಯಲಿಲ್ಲ ಅವರು. ಇಲ್ಲಿಂದ ಸಮುದ್ರ ಎಷ್ಟು ದೂರ ಎಂದರು. ಆಗುಂಬೆ ಘಾಟಿ ಇಳಿದರೆ ಮೂರು ಗಂಟೆ ಎಂದು ಮಕ್ಕಳು ಹೇಳಿದರು. ಹಾಗಾದರೆ ತುಂಗೆಗೆ ಸಮುದ್ರ ಎಷ್ಟು ದೂರ ಎಂದರು. ಪಕ್ಕದಲ್ಲೇ ಇರುವ ಸಮುದ್ರಕ್ಕೆ ಬೆನ್ನು ಹಾಕಿ, ಊರೂರು ಸುತ್ತಿ, ಇನ್ನೊಂದು ದಿಕ್ಕಿನ ಸಮುದ್ರ ಸೇರುವ ನದಿಯ ದಂಡೆಯವರು ನಾವು, ಅದಕ್ಕೇ ನಮಗೆ ಆ ಕಡೆಯ ಅಲೆ ಕೇಳಿಸುವುದಿಲ್ಲ ಎಂದರು. ನಾನು ಅಜ್ಜನ ಕಾಲದಿಂದ ಆ ನದಿಯಲ್ಲಿ ಮಿಂದವನು. ಅದು ಯಾವ ಕಡೆಗೆ ಹರಿಯುತ್ತದೆಂದು ಗೊತ್ತಿತ್ತು. ಹೀಗೆ ಯೋಚಿಸಿರಲಿಲ್ಲ.

ಆಮೇಲೆ ಬಾಟಲಿಯಿಂದ ಸಮುದ್ರದ ನೀರನ್ನು ಲೋಟಕ್ಕೆ ಸುರಿದು, ಬೆರಳು ಅದ್ದಿ ನಾಲಿಗೆಗೆ ಇಟ್ಟುಕೊಳ್ಳಿ ಎಂದು ಬೆಂಚಿನಿಂದ ಬೆಂಚಿಗೆ ದಾಟಿಸಿದರು. ಮಕ್ಕಳು ಮುಖ ಹಿಂಡಿದರು, ನಕ್ಕರು. ಲೋಟ ನನ್ನ ತನಕವೂ ಬಂತು. ನಾನು ಹಿಂದೆ ಸರಿದೆ. ಇವತ್ತು ಏಕಾದಶಿ ಎಂದೆ. ಹಿಂದಿನ ಬೆಂಚಿನಿಂದ ಒಬ್ಬ, "ಭಟ್ರಿಗೆ ವಾರಕ್ಕೆ ಎರಡು ಏಕಾದಶಿ ಮೇಡಂ," ಎಂದ. ಎಲ್ಲರೂ ನಕ್ಕರು, ನಾನೂ ನಕ್ಕೆ. ಅವರು ಮಾತ್ರ ಲೋಟವನ್ನು ಸುಮ್ಮನೆ ವಾಪಸು ತೆಗೆದುಕೊಂಡರು.

ಬೇಸಿಗೆಯಲ್ಲಿ ಒಂದು ಭಾನುವಾರ ಅವರು ಘಟ್ಟ ಇಳಿದು, ನಾಲ್ಕು ಕ್ಯಾನು ಸಮುದ್ರದ ನೀರು ಮತ್ತು ಮುಚ್ಚಳದ ಬಕೆಟೊಂದರಲ್ಲಿ ಜೀವಗಳನ್ನು ಹೊತ್ತು ತಂದರು. ಕೊಪ್ಪದ ನಿಲ್ದಾಣದಲ್ಲಿ ಇಳಿಸಿಕೊಳ್ಳಲು ನಾನು ಹೋಗಿದ್ದೆ. ಕಂಡಕ್ಟರು ಕ್ಯಾನುಗಳನ್ನು ಕೆಳಗೆ ಕೊಡುತ್ತಾ, "ಎಂತ ಮಾರಾಯ್ರೆ, ಸಮುದ್ರನೇ ಎತ್ಕಂಡು ಬಂದಿದೀರಲ್ಲ. ನಾಳೆ ಮಲ್ಪೆಯವರು ದೋಣಿ ಎಲ್ಲಿ ಬಿಡೋದು?" ಎಂದ. ಅವರು ಅಷ್ಟು ನಕ್ಕಿದ್ದನ್ನು ನಾನು ಆಮೇಲೆ ನೋಡಲಿಲ್ಲ.

ಲ್ಯಾಬಿನ ಹಳೆಯ ಗಾಜಿನ ತೊಟ್ಟಿಯನ್ನು ತೊಳೆದು, ಸಿಂಕಿನ ಪಕ್ಕದ ಕಟ್ಟೆಯಲ್ಲಿ ಮರದ ಹಲಗೆಯ ಮೇಲೆ ಇಟ್ಟೆವು. ಗಾಳಿ ಊದುವ ಸಣ್ಣ ಪಂಪು ಹಾಕಿದೆವು. ಎರಡು ಕ್ಯಾನು ನೀರು ತೊಟ್ಟಿಗೆ, ಉಳಿದ ಎರಡು ಕ್ಯಾನು ಕಪ್ಪು ಬಟ್ಟೆ ಸುತ್ತಿ ಮೂಲೆಗೆ. ತೊಟ್ಟಿಯಲ್ಲಿ ಒಂದು ನಕ್ಷತ್ರ ಮೀನು, ಹೂವಿನಂತೆ ಅರಳುವ ಎರಡು ಜೀವಗಳು, ಆರು ಸನ್ಯಾಸಿ ಏಡಿಗಳು. ಈ ಏಡಿಗೆ ಸ್ವಂತ ಚಿಪ್ಪು ಇಲ್ಲ, ಸತ್ತ ಶಂಖದ ಹುಳುವಿನ ಚಿಪ್ಪಿನೊಳಗೆ ಹೊಕ್ಕು ಬದುಕುತ್ತದೆ, ಬೆಳೆದ ಹಾಗೆ ದೊಡ್ಡ ಮನೆಗೆ ಬದಲಾಯಿಸುತ್ತದೆ. ಅದಕ್ಕಾಗಿ ಅವರು ಖಾಲಿ ಶಂಖಗಳನ್ನೂ ಸಣ್ಣದರಿಂದ ದೊಡ್ಡದಕ್ಕೆ ಸಾಲಾಗಿ ಮರಳಿನ ಮೇಲೆ ಇಟ್ಟರು. ಆ ಸಾಲು ನನಗೆ ಬಹಳ ಹಿಡಿಸಿತು.

ತೊಟ್ಟಿ ನೋಡಿಕೊಳ್ಳುವ ಕೆಲಸ ನನಗೆ ಬಂತು. ಗಾಜಿನ ಮೇಲೆ ಅವರು ತಮ್ಮ ಕೆಂಪು ಉಗುರುಬಣ್ಣದಿಂದ ಒಂದು ಗೆರೆ ಎಳೆದರು. ಆವಿಯಾಗಿ ಹೋಗುವುದು ನೀರು ಮಾತ್ರ, ಉಪ್ಪು ಒಳಗೇ ಉಳಿಯುತ್ತದೆ. ಆದ್ದರಿಂದ ದಿನಾ ಸಂಜೆ ಕಡಿಮೆಯಾದಷ್ಟು ಬಾವಿಯ ಸಿಹಿನೀರನ್ನು ಗೆರೆಯವರೆಗೆ ತುಂಬಬೇಕು. ಉಪ್ಪು ಅಳೆಯುವ ಗಾಜಿನ ಕಡ್ಡಿ ಕೊಡಿಸಿ ಎಂದು ಅವರು ಎರಡು ಸಲ ಬರೆದುಕೊಟ್ಟರು, ಬರಲಿಲ್ಲ. ಅದಕ್ಕೆ ಇನ್ನೊಂದು ಮಾತು ಸೇರಿಸಿದರು. ದಿನಾ ಒಂದು ಹನಿ ನಾಲಿಗೆಗೆ ಇಟ್ಟು ನೋಡಬೇಕು. ಸಪ್ಪೆ ಎನಿಸಿದರೆ ಮೂಲೆಯ ಕ್ಯಾನಿನಿಂದ ಸಮುದ್ರದ ನೀರು ಸುರಿಯಬೇಕು.

"ನಿಮ್ಮಷ್ಟು ಕ್ರಮವಾಗಿ ಯಾರೂ ಮಾಡಲ್ಲ ಭಟ್ರೇ. ನಂಬಿ ಬಿಟ್ಟಿದ್ದೇನೆ," ಎಂದರು.

ನಾನೇ ಒಂದು ರಿಜಿಸ್ಟರ್ ಮಾಡಿದೆ. ಸ್ಕೇಲು ಇಟ್ಟು ಕಾಲಂ ಎಳೆದೆ. ತಾರೀಕು. ಪಂಪು. ಹಾಕಿದ ನೀರು, ಮಗ್ ಲೆಕ್ಕದಲ್ಲಿ. ರುಚಿ. ಸಹಿ. ಮೊದಲ ಮೂರು ಕಾಲಂಗಳನ್ನು ಕಣ್ಣಾರೆ ನೋಡಿ ತುಂಬಿಸಿದೆ. ನಾಲ್ಕನೆಯದರಲ್ಲಿ ಸರಿ ಎಂಬ ಗುರುತು ಹಾಕಿದೆ. ಜೀವಗಳು ತಿಂದು, ಹೇತು, ಉಸಿರಾಡುವ ನೀರು ಅದು. ಕೈ ಹಾಕಬಲ್ಲೆ. ನಾಲಿಗೆಗೆ ಇಡಲಾರೆ. ಅದನ್ನು ಅವರ ಮುಖಕ್ಕೆ ಹೇಳಿದ್ದರೆ ಮುಗಿಯುತ್ತಿತ್ತು. ಬೇರೆ ಯಾರಾದರೂ ವಿದ್ಯಾರ್ಥಿಗೆ ಹೇಳುತ್ತಿದ್ದರು. ಹೇಳುವುದಕ್ಕೆ ಎಂಥದೋ ಸಂಕೋಚ. ಅವರ ಮನೆತನ, ನನ್ನ ಮನೆತನ ಎಲ್ಲ ಆ ಒಂದು ಹನಿಯೊಳಗೆ ಬಂದು ಕೂತುಬಿಡುತ್ತದೆ ಎಂದು ಹೆದರಿದೆ. ಮೇ ತಿಂಗಳು ಪೂರ್ತಿ ದಿನಾ ಅವರೇ ಬಂದು ಬೆರಳು ಅದ್ದಿ ನೋಡುತ್ತಿದ್ದರು, ನನ್ನ ಸರಿ ಗುರುತು ಸರಿಯಾಗಿಯೇ ಇರುತ್ತಿತ್ತು. ಹಾಗಾಗಿ ಅದು ಸುಳ್ಳು ಎಂದು ನನಗೆ ಅನ್ನಿಸಲೇ ಇಲ್ಲ.

ಈ ನಡುವೆ ಪ್ರಿನ್ಸಿಪಾಲರು ಅವರನ್ನು ಕರೆಸಿದರು. ಕೆಟ್ಟ ಮನುಷ್ಯರಲ್ಲ, ಅವರಿಗೂ ಮೇಲಿನವರಿದ್ದರು. ಘಟ್ಟದ ಮೇಲೆ ಸಮುದ್ರದ ಪಾಠ ಏಕೆ ಎಂದು ಆಡಳಿತದವರು ಕೇಳುತ್ತಿದ್ದಾರೆ. ಜೂನ್ ಕೊನೆಗೆ ಮಕ್ಕಳು ಮುಂದಿನ ಪೇಪರು ಆರಿಸುವ ಫಾರಂ ತುಂಬುತ್ತಾರೆ. ಇಪ್ಪತ್ತು ಜನ ಬರೆದುಕೊಟ್ಟರೆ ಪೇಪರೂ ಇರುತ್ತದೆ ನೀವೂ ಇರುತ್ತೀರಿ, ಇಲ್ಲದಿದ್ದರೆ ರೇಷ್ಮೆ ಹುಳು ಸಾಕುವ ಪೇಪರು ತರುತ್ತೇವೆ ಎಂದರು. ಮೇಡಂ ಲ್ಯಾಬಿಗೆ ಬಂದು ಸ್ಟೂಲಿನ ಮೇಲೆ ಕೂತರು. ಬಹಳ ಹೊತ್ತು ತೊಟ್ಟಿಯನ್ನೇ ನೋಡಿದರು. "ಇದು ಹೋದ್ರೆ ನಾನೂ ಹೋದ ಹಾಗೆ, ಭಟ್ರೇ. ಅಮ್ಮನಿಗೆ ಕೆಲಸ ಬಿಡು ಅಂತ ಬೇರೆ ಹೇಳಿಬಿಟ್ಟಿದ್ದೇನೆ," ಎಂದರು.

ಫಾರಂ ತುಂಬುವ ಸೋಮವಾರ ಬೆಳಿಗ್ಗೆ ಹತ್ತು ಗಂಟೆಗೆ ಮೊದಲ ವರ್ಷದ ಮಕ್ಕಳನ್ನೆಲ್ಲ ಲ್ಯಾಬಿಗೆ ಕರೆತಂದು ತೊಟ್ಟಿ ತೋರಿಸುವುದೆಂದು ತೀರ್ಮಾನಿಸಿದರು. ದೊಡ್ಡ ಏಡಿಯೊಂದು ಆ ದಿನಗಳಲ್ಲಿ ಖಾಲಿ ಶಂಖವೊಂದರ ಬಾಯಿಯನ್ನು ಕಾಲಿನಿಂದ ಅಳೆದು ಅಳೆದು ನೋಡುತ್ತಿತ್ತು. "ಅದು ಮನೆ ಬದಲಾಯಿಸೋದನ್ನು ಒಂದು ಸಲ ಕಣ್ಣಾರೆ ನೋಡಿದರೆ ಇಪ್ಪತ್ತಲ್ಲ, ನಲವತ್ತು ಜನ ಬರೀತಾರೆ," ಎನ್ನುತ್ತಿದ್ದರು. ಅವರಿಗೆ ಅದು ತಮಾಷೆಯ ಮಾತಾಗಿರಲಿಲ್ಲ. ಅದೊಂದೇ ಉಳಿದಿತ್ತು.

ಜೂನ್ ಎರಡನೆಯ ವಾರ ತೋಟದಲ್ಲಿ ಅವರ ತಾಯಿ ಜಾರಿ ಬಿದ್ದು ಸೊಂಟದ ಮೂಳೆ ಮುರಿಯಿತು. ಕೆಲಸ ಬಿಡಲು ಇನ್ನು ನಾಲ್ಕು ದಿನ ಇತ್ತಂತೆ. ಆಸ್ಪತ್ರೆಯಲ್ಲಿ ನೋಡಿಕೊಳ್ಳಲು ಇವರನ್ನು ಬಿಟ್ಟರೆ ಯಾರೂ ಇಲ್ಲ. ಲ್ಯಾಬನ್ನು ನನಗೆ ಒಪ್ಪಿಸಿ ನರಸಿಂಹರಾಜಪುರಕ್ಕೆ ಹೋದರು. ಎರಡು ವಾರ ಅಲ್ಲೇ ಉಳಿಯಬೇಕಾಯಿತು.

ದಿನಾ ಸಂಜೆ ನಾಲ್ಕೂವರೆಗೆ ಫೋನ್ ಬರುತ್ತಿತ್ತು. ಹಿಂದೆ ಆಸ್ಪತ್ರೆಯ ಗದ್ದಲ ಕೇಳಿಸುತ್ತಿತ್ತು. ಪಂಪು ನಡೆಯುತ್ತಿದೆಯಾ, ಗೆರೆಗೆ ತುಂಬಿಸಿದಿರಾ, ಕೊನೆಗೆ, ರುಚಿ ನೋಡಿದಿರಾ.

"ನೋಡಿದೆ ಮೇಡಂ. ಸರಿ ಉಂಟು."

"ದೇವರು ಒಳ್ಳೇದು ಮಾಡ್ಲಿ ಭಟ್ರೇ."

ಹೀಗೆ ಭಾನುವಾರ ಬಿಟ್ಟು ಹನ್ನೆರಡು ದಿನ. ಈಗ ಆ ದಿನಗಳ ಪುಟವನ್ನು ನೋಡಿದರೆ... ನೀರಿನ ಕಾಲಂ ಹೀಗಿದೆ: ಎರಡು ಮಗ್, ಮೂರು, ಮೂರು, ಮೂರು, ನಾಲ್ಕು. ಮೇ ತಿಂಗಳ ಉರಿಬಿಸಿಲಿನಲ್ಲಿ ದಿನಕ್ಕೆ ಒಂದು ಮಗ್ ಹಾಕಿದ್ದೆ. ಜೂನಿನಲ್ಲಿ ಹೊರಗೆ ಮಳೆ ಹಿಡಿದು ನನ್ನ ಪಂಚೆ ಮೂರು ದಿನವಾದರೂ ಆರುತ್ತಿರಲಿಲ್ಲ, ಲ್ಯಾಬಿನ ಗೋಡೆ ಬೆವರುತ್ತಿತ್ತು, ಸ್ಲೈಡುಗಳಿಗೆ ಬೂಷ್ಟು ಬಂದಿತ್ತು. ಒದ್ದೆ ಬಟ್ಟೆ ಆರದ ಊರಿನಲ್ಲಿ ತೊಟ್ಟಿಯ ನೀರು ಎಲ್ಲಿಗೆ ಆವಿಯಾಗಿ ಹೋಗುತ್ತದೆ? ಹುಟ್ಟಿದಂದಿನಿಂದ ಈ ಮಳೆಯಲ್ಲಿ ಬೆಳೆದವನು ನಾನು. ಒಂದು ಕ್ಷಣ ನಿಂತು ಕೇಳಿಕೊಂಡಿದ್ದರೆ ಸಾಕಿತ್ತು. ಕೇಳಿಕೊಳ್ಳಲಿಲ್ಲ. ನೀರು ಗೆರೆಗಿಂತ ಕೆಳಗಿತ್ತು, ಗೆರೆಗೆ ತುಂಬಿಸಿದೆ. ಕಾಲಂ ತುಂಬಿತು. ಬೀಗ ಹಾಕಿದೆ.

ಎರಡನೆಯ ವಾರದ ಕೊನೆಗೆ ಅರಳುವ ಜೀವಗಳು ಅರಳಲಿಲ್ಲ. ನಕ್ಷತ್ರ ಮೀನಿನ ಒಂದು ತೋಳು ಮೆತ್ತಗೆ ಜೋತುಬಿದ್ದಿತ್ತು. ಅದನ್ನು ಕಂಡೆ. ಕಂಡದ್ದನ್ನು ಬರೆಯಲು ನನ್ನ ರಿಜಿಸ್ಟರಿನಲ್ಲಿ ಕಾಲಂ ಇರಲಿಲ್ಲ. ಫೋನಿನಲ್ಲಿ ಅವರು ತಾಯಿಯ ಆಪರೇಷನ್ ವಿಷಯ ಹೇಳುತ್ತಿದ್ದರು, ನಾನು ಹೇಳಲಿಲ್ಲ.

ಭಾನುವಾರ ಮಧ್ಯಾಹ್ನ ಅವರು ಬಾಳಗಡಿಗೆ ಬಂದವರೇ ಫೋನ್ ಮಾಡಿದರು. ಕೀಲಿಕೈ ನನ್ನ ಹತ್ತಿರ ಇತ್ತು. ಒಂದು ಸಲ ಬಂದು ಲ್ಯಾಬು ತೆಗೆಯುತ್ತೀರಾ, ಮನಸ್ಸು ತಡೆಯುತ್ತಿಲ್ಲ ಎಂದರು. ಶೃಂಗೇರಿಯಿಂದ ಕೊಪ್ಪಕ್ಕೆ ಬಸ್ಸಿಗೇನೂ ಬರವಿರಲಿಲ್ಲ. ನಾನು ಊಟ ಮುಗಿಸಿ ಅಡಕೆ ಕತ್ತರಿಸುತ್ತಿದ್ದೆ. "ಭಾನುವಾರ ತೆಗೆಯೋ ಕ್ರಮ ಇಲ್ಲ ಮೇಡಂ. ನಾಳೆ ಎಂಟೂವರೆಗೆ ಸರಿಯಾಗಿ ತೆಗೀತೇನೆ," ಎಂದೆ. "ಆಯ್ತು ಭಟ್ರೇ," ಎಂದರು.

ಎಂಟೂವರೆಗೆ ಸರಿಯಾಗಿ ತೆಗೆದೆ. ಅವರು ಏಳೂವರೆಯಿಂದ ಬಾಗಿಲಲ್ಲಿ ನಿಂತಿದ್ದರು. ಬಾಗಿಲು ತೆರೆದ ಕೂಡಲೇ ವಾಸನೆ ಬಂತು. ಫಾರ್ಮಲಿನ್ನಿನ ವಾಸನೆಗೆ ನನ್ನ ಮೂಗು ಒಗ್ಗಿತ್ತು. ಇದು ಬೇರೆ.

ಪಂಪು ಗುಳುಗುಳು ಎನ್ನುತ್ತಿತ್ತು. ನೀರು ಕೆಂಪು ಗೆರೆಗೆ ಸರಿಯಾಗಿ ಮುಟ್ಟಿಕೊಂಡಿತ್ತು. ಅದರೊಳಗೆ ನಕ್ಷತ್ರ ಮೀನು ಕರಗಿದ ಹಾಗೆ ಬಿದ್ದಿತ್ತು. ಏಡಿಗಳು ಶಂಖ ಬಿಟ್ಟು ಹೊರಗೆ ಬಂದಿದ್ದವು. ಆರೂ. ಶಂಖದೊಳಗೆ ಮಡಚಿಕೊಂಡಿರುವ ಅವುಗಳ ಹಿಂಭಾಗವನ್ನು ನಾನು ಅದುವರೆಗೆ ನೋಡಿರಲಿಲ್ಲ. ಚರ್ಮವಿಲ್ಲದ ಹಾಗೆ ಮೆತ್ತಗೆ, ಬೆಳ್ಳಗೆ. ಸಾಯುವ ಏಡಿ ತನ್ನ ಮನೆ ಬಿಡುತ್ತದಂತೆ.

ಅವರು ಬೆರಳು ಅದ್ದಿ ನಾಲಿಗೆಗೆ ಇಟ್ಟುಕೊಂಡರು. "ಸಪ್ಪೆ," ಎಂದರು. ಅಷ್ಟೇ.

ಮರುಕ್ಷಣ ಮೂಲೆಯ ಕ್ಯಾನಿನತ್ತ ಓಡಿದರು. ಎರಡೂ ಕ್ಯಾನು ತುಂಬಿಯೇ ಇದ್ದವು, ನಾನು ವಾರಕ್ಕೊಮ್ಮೆ ಅವುಗಳ ಮೇಲಿನ ಧೂಳು ಒರೆಸುತ್ತಿದ್ದೆ. ಬೇಸಿನ್ನಿಗೆ ಸಮುದ್ರದ ನೀರು ಸುರಿದು, ಏಡಿಗಳನ್ನು ಒಂದೊಂದಾಗಿ ಅಂಗೈಯಲ್ಲಿ ಎತ್ತಿ ಅದರಲ್ಲಿ ಬಿಟ್ಟು, ಪಂಪಿನ ಕೊಳವೆ ಇಟ್ಟು, ನೆಲದ ಮೇಲೆ ಮೊಣಕಾಲೂರಿ ಕೂತರು. ದೊಡ್ಡ ಏಡಿಯ ಮೀಸೆ ಒಮ್ಮೆ ಅಲುಗಿತು. "ಇದೆ ಭಟ್ರೇ, ಇದೆ, ಇದೆ," ಎಂದರು. ಅದು ಅಳುವ ದನಿಯಲ್ಲ, ಬೇಡುವ ದನಿ. ಶಂಖವನ್ನು ಅದರ ಹತ್ತಿರ ಹಿಡಿದರು. ಇನ್ನೊಂದು ಶಂಖ ಹಿಡಿದರು. ಒಂಬತ್ತೂವರೆಯ ತನಕ ಹಾಗೇ ಇದ್ದರು... ಮೀಸೆ ಮತ್ತೆ ಅಲುಗಲಿಲ್ಲ.

ಎದ್ದು ಕೈ ತೊಳೆದರು. ರಿಜಿಸ್ಟರ್ ಕೊಡಿ ಎಂದರು. ಕೊಟ್ಟೆ. ಹನ್ನೆರಡು ಸಾಲನ್ನೂ ನೋಡಿದರು. ಬೆರಳು ನಾಲ್ಕನೆಯ ಕಾಲಂ ಮೇಲೆ ಮೇಲಿನಿಂದ ಕೆಳಗೆ ನಿಧಾನವಾಗಿ ಇಳಿಯಿತು. ಒಂದೇ ಅಳತೆಯ, ಒಂದೇ ಶಾಯಿಯ ಹನ್ನೆರಡು ಸರಿ ಗುರುತು. ಕೇಳುತ್ತಾರೆ, ಕೇಳಿದರೆ ಹೇಳಿಬಿಡುತ್ತೇನೆ ಎಂದುಕೊಂಡೆ. ಅವರು ಕೇಳಲಿಲ್ಲ. ಪುಸ್ತಕ ಮುಚ್ಚಿ ನನ್ನ ಕೈಗೆ ಕೊಟ್ಟರು.

"ಒಳಗಿಡಿ. ಯಾರಾದ್ರೂ ಕೇಳಿದ್ರೆ ನಾನು ಮಾತಾಡ್ತೇನೆ. ನಿಮಗೆ ರಿಟೈರ್ ಆಗೋಕೆ ಇನ್ನು ಮೂರು ತಿಂಗಳು ಅಲ್ವಾ."

ಹತ್ತಕ್ಕೆ ಮಕ್ಕಳು ಬಂದರು. ಮೂಗು ಮುಚ್ಚಿಕೊಂಡರು. "ಫ್ರೈ ಮಾಡೋಕೂ ಲಾಯಕ್ಕಿಲ್ಲ ಮಾರಾಯ," ಎಂದು ಯಾರೋ ಪಿಸುಗುಟ್ಟಿದ. ಅವರು ಪಾಠ ಮಾಡಿದರು. ಬೇಸಿನ್ನಿನೊಳಗಿದ್ದ ಅವನ್ನೇ ತೋರಿಸಿ ಮಾಡಿದರು. ಇವುಗಳ ಮೈಯೊಳಗಿನ ನೀರು ಸಮುದ್ರದಷ್ಟೇ ಉಪ್ಪು. ಹೊರಗಿನ ನೀರು ಸಪ್ಪೆಯಾದರೆ ಅದು ಮೈಯೊಳಗೆ ನುಗ್ಗುತ್ತದೆ. ತಡೆಯಲು ಬಾಗಿಲು ಇವುಗಳಿಗಿಲ್ಲ. ಇಂಥ ಜೀವಕ್ಕೆ ತನ್ನ ನೀರು ಬದಲಾಗಿದೆ ಎಂದು ಹೇಳಲು ಬಾಯಿಯೂ ಇಲ್ಲ. ಯಾರಾದರೂ ನೋಡಿ ತಿಳಿದುಕೊಳ್ಳಬೇಕು. ದನಿ ಎಲ್ಲೂ ನಡುಗಲಿಲ್ಲ. ಮುಂದಿನ ಬೆಂಚಿನ ಹುಡುಗಿಯೊಬ್ಬಳು, ಹಾಗಾದರೆ ಇದು ಯಾರ ತಪ್ಪು ಮೇಡಂ ಎಂದು ಕೇಳಿದಳು.

"ನನ್ನದು," ಎಂದರು. "ಸಾಕಿದ್ದು ನಾನು. ಅಳತೆ ನೋಡಬೇಕಾದವಳು ನಾನು."

ನಾನು ಬಾಗಿಲ ಹತ್ತಿರ, ನನ್ನ ಜಾಗದಲ್ಲಿ ನಿಂತಿದ್ದೆ.

ಏಳು ಜನ ಬರೆದುಕೊಟ್ಟರು.

ಮರುದಿನ ತೊಟ್ಟಿ ಖಾಲಿ ಮಾಡಿ ಎತ್ತಿದಾಗ ಅದರ ಅಡಿಯ ಹಲಗೆಯ ಮೇಲೆ ಆ ಬಿಳಿ ಗುರುತು ಇತ್ತು. ಹಿಂದಿನ ಗಾಜಿನ ಸಂದಿಯಲ್ಲಿ ಅಂಟು ಬಿಟ್ಟಿತ್ತು. ಉಪ್ಪುನೀರು ಹನಿಹನಿಯಾಗಿ ಸೋರಿ, ಹಲಗೆಯ ಮೇಲಿಂದ ಸಿಂಕಿಗೆ ಹರಿದುಹೋಗಿತ್ತು. ಸುತ್ತ ಎಲ್ಲವೂ ಒದ್ದೆಯಾಗಿದ್ದ ಕಾಲದಲ್ಲಿ ಆ ಒದ್ದೆ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಸೋರಿದ್ದು ಸಮುದ್ರ, ನಾನು ತುಂಬಿಸಿದ್ದು ಬಾವಿ. ಹಲಗೆ ಬಿಸಿಲು ಕಂಡಮೇಲೆ ಆ ಉಪ್ಪನ್ನು ಕೆರೆದು ಕಾಗದದಲ್ಲಿ ಪೊಟ್ಟಣ ಕಟ್ಟಿ ಜೇಬಿನಲ್ಲಿಟ್ಟುಕೊಂಡೆ. ತೋರಿಸಬೇಕು. ತಪ್ಪು ಅವರದಲ್ಲ, ತೊಟ್ಟಿಯದು ಎಂದು ಅವರಿಗೆ, ಪ್ರಿನ್ಸಿಪಾಲರಿಗೆ ತೋರಿಸಬೇಕು.

ಆದರೆ ಸೋರಿದ ಮಾತು ಎತ್ತಿದರೆ ಮುಂದಿನ ಪ್ರಶ್ನೆ ಬಂದೇ ಬರುತ್ತದೆ. ಸೋರಿ ಸಪ್ಪೆಯಾಗಿದ್ದು ದಿನಾ ರುಚಿ ನೋಡಿದವರಿಗೆ ತಿಳಿಯಲಿಲ್ಲವೇ? ಎರಡು ಸಲ ಪ್ರಿನ್ಸಿಪಾಲರ ಬಾಗಿಲ ತನಕ ಹೋದೆ. ಒಮ್ಮೆ ಗಂಟೆ ಹೊಡೆಯಿತು, ಪ್ರಾಕ್ಟಿಕಲ್ ಇದೆ ಎಂದು ಹಿಂದಿರುಗಿದೆ. ಇನ್ನೊಮ್ಮೆ ಒಳಗೆ ಯಾರೋ ಇದ್ದರು. ಯಾರೂ ಇರಲಿಲ್ಲವೋ ಏನೋ... ಈಗ ನನ್ನ ನೆನಪನ್ನು ನಾನೇ ನಂಬುವುದಿಲ್ಲ. ಮೂವತ್ತು ವರ್ಷ ಒಂದು ಕಪ್ಪು ಚುಕ್ಕೆಯಿಲ್ಲದ ನೌಕರಿ, ಇನ್ನು ಮೂರು ತಿಂಗಳು. ಅದನ್ನು ಉಳಿಸಿಕೊಂಡೆ.

ಅವರು ಹೋದ ದಿನ ಕೊಪ್ಪದ ನಿಲ್ದಾಣದಲ್ಲಿ ಅವರ ಚೀಲವನ್ನು ನಾನೇ ನರಸಿಂಹರಾಜಪುರದ ಬಸ್ಸಿಗೆ ಏರಿಸಿದೆ. ಖಾಲಿ ಶಂಖಗಳಲ್ಲಿ ಒಂದನ್ನು ನನಗೆ ಕೊಟ್ಟರು. ಪೊಟ್ಟಣ ನನ್ನ ಜೇಬಿನಲ್ಲಿತ್ತು. ಕೈ ಜೇಬಿನೊಳಗೆ ಹೋಯಿತು, ಪೊಟ್ಟಣವನ್ನು ಹಿಡಿಯಿತು. ಬಸ್ಸು ಹೊರಡುವ ತನಕ ಹಿಡಿದುಕೊಂಡೇ ಇತ್ತು. "ತಾಯಿಯನ್ನು ನೋಡಿಕೊಳ್ಳಿ ಮೇಡಂ," ಎಂದೆ. ಕಿಟಕಿಯಿಂದ ತಲೆಯಾಡಿಸಿದರು.

ನಿವೃತ್ತನಾದ ಮೇಲೆ ಫೋನ್ ಮಾಡಿದೆ. ಆ ನಂಬರು ಚಾಲ್ತಿಯಲ್ಲಿಲ್ಲ ಎಂದಿತು. ಒಂದು ದಿನ ಬಸ್ಸು ಹಿಡಿದು ಸೀತೂರಿಗೂ ಹೋದೆ. ಕೇಳಿಕೊಂಡು ಹೋಗಿ ನಿಂತ ಮನೆಗೆ ಬೀಗ ಇತ್ತು. ಪಕ್ಕದ ಮನೆಯ ಹೆಂಗಸು ಗೊಬ್ಬರದ ಬುಟ್ಟಿ ಇಳಿಸಿ ನನ್ನನ್ನು ಮೇಲಿನಿಂದ ಕೆಳಗೆ ನೋಡಿದಳು.

"ಕಾಲೇಜಿನೋರಾ? ಆ ಅಮ್ಮ ಏಳಲೇ ಇಲ್ಲ, ಮಲಗಿದಲ್ಲೇ ಹೋದ್ರು. ಮಗಳು ಘಾಟಿ ಇಳಿದು ಯಾವುದೋ ಮೀನಿನ ಫ್ಯಾಕ್ಟ್ರಿಗೆ ಹೋದ್ಲು ಅಂತಾರೆ. ಸಿಗಡಿ ಸುಲಿಯೋಕೋ, ಲೆಕ್ಕ ಬರಿಯೋಕೋ, ನಂಗೊತ್ತಿಲ್ಲ. ಆವಾಗ ಒಬ್ರೂ ಬರ್ಲಿಲ್ಲ. ಈಗ ಎಂತಕ್ಕೆ ಬಂದ್ರಿ?"

ನಾಲ್ಕೂಕಾಲಿನ ಬಸ್ಸು ಹಿಡಿದು ಬಂದೆ.

ಅವರಿಗೆ ಗೊತ್ತಿತ್ತೇ ಎಂದು ಬಹಳ ಕಾಲ ನನ್ನನ್ನು ನಾನೇ ಕೇಳಿಕೊಂಡಿದ್ದೇನೆ. ಗೊತ್ತಿತ್ತು. ಮೊದಲ ದಿನ ಲೋಟ ಹಿಂದಕ್ಕೆ ತೆಗೆದುಕೊಂಡಾಗಲೇ ಅವರಿಗೆ ಅರ್ಧ ಗೊತ್ತಾಗಿತ್ತು. ಆದರೂ ನನ್ನ ಕ್ರಮವನ್ನು ನಂಬಿದರು. ಈ ಮುದುಕ ಬೇರೆ ಏನು ಮಾಡಿದರೂ ಕಾಲಂನಲ್ಲಿ ಸುಳ್ಳು ಬರೆಯುವುದಿಲ್ಲ ಎಂದುಕೊಂಡಿರಬೇಕು.

ಕಳೆದ ಶನಿವಾರ ಹಲಗೆ ಒರೆಸುವುದನ್ನು ಬಿಟ್ಟು ನಾನು ಒಳಗೆ ಹೋಗಿ ಟ್ರಂಕು ತೆಗೆದೆ. ರಿಜಿಸ್ಟರ್ ಇತ್ತು. ಶಂಖ ಇತ್ತು. ಪೊಟ್ಟಣ ಬಿಚ್ಚಿದರೆ ಅದರೊಳಗೆ ಪುಡಿ ಇರಲಿಲ್ಲ. ಇಷ್ಟು ಮಳೆಗಾಲಗಳ ತೇವ ಹೀರಿ ಉಪ್ಪು ಕರಗಿ, ಕಾಗದ ಒದ್ದೆಯಾಗಿ, ಅಡಿಯ ಬಟ್ಟೆಗೂ ಇಳಿದಿತ್ತು. ಇನ್ನು ತೋರಿಸುವುದಕ್ಕೂ ಏನೂ ಇಲ್ಲ, ತೋರಿಸಬೇಕಾದವರೂ ಇಲ್ಲ.

ಹೆಂಡತಿ ಬಾಗಿಲಲ್ಲಿ ಬಂದು ನಿಂತಿದ್ದಳು. ನಾನು ಆ ಒದ್ದೆ ಕಾಗದಕ್ಕೆ ಬೆರಳು ಒತ್ತಿ, ನಾಲಿಗೆಗೆ ಇಟ್ಟುಕೊಂಡೆ.

ಉಪ್ಪು.

ಇಷ್ಟೇ ಇತ್ತು ಕೆಲಸ.